ಹುಳ ಬೀಳದ ಊಟ

ಹೊಸ ಮಳೆ ಬಿದ್ದ ಸಂಜೆ ನಮ್ಮ ಕೊಡಗಿನ ತಿತಿಮತಿಯಲ್ಲಿ ದೀಪ ಆರಿಸಿ ಊಟಕ್ಕೆ ಕೂರುವುದುಂಟು. ವರ್ಷವಿಡೀ ಕರೆಂಟು ಹೋಯಿತೆಂದು ಗೊಣಗುವವರು ಅಂದು ಮಾತ್ರ ತಾವೇ ಎದ್ದು ಹೋಗಿ ಸ್ವಿಚ್ಚು ಒತ್ತಿ ಕತ್ತಲು ಮಾಡಿಕೊಳ್ಳುತ್ತಾರೆ. ಕಾರಣ ಮಳೆಹುಳ. ಕಾಯ್ದ ನೆಲಕ್ಕೆ ನೀರು ಬಿದ್ದದ್ದೇ ತಡ, ಹುತ್ತದ ಬಾಯಿ ತೆರೆದು ರೆಕ್ಕೆ ಮೂಡಿದ ಗೆದ್ದಲು ಸಾವಿರಗಟ್ಟಲೆ ಮೇಲೇಳುತ್ತವೆ, ಬೆಳಕು ಕಂಡ ಮನೆಗೆ ಕರೆಯದೆಯೇ ಬರುತ್ತವೆ. ನೋಡನೋಡುತ್ತಿದ್ದಂತೆ ಟ್ಯೂಬ್‌ಲೈಟಿನ ಸುತ್ತ ಜಾತ್ರೆ, ನೆಲದ ತುಂಬ ಉದುರಿದ ರೆಕ್ಕೆ. ಮೂಲೆಯಲ್ಲೊಂದು ಮೇಣದಬತ್ತಿ ಹಚ್ಚಿಟ್ಟು, ತಟ್ಟೆ ಹಿಡಿದು ಜಗಲಿಯ ಕತ್ತಲಲ್ಲಿ ಕೂತರೂ ಒಂದೆರಡು ಸಾರಿಗೆ ಬೀಳದೆ ಇರುವುದಿಲ್ಲ. ಬಿದ್ದದ್ದು ಗೊತ್ತಾಗುವುದು ರೆಕ್ಕೆಯಿಂದ. ರೆಕ್ಕೆ ಸಾರಿನ ಮೇಲೆ ತೇಲುತ್ತದೆ, ಮೈ ಮುಳುಗುತ್ತದೆ. ತೇಲಿದ್ದನ್ನು ಬೆರಳಲ್ಲಿ ಎತ್ತಿ ತಟ್ಟೆಯ ಅಂಚಿಗೆ ಒರೆಸಿ ಊಟ ಮುಂದುವರಿಸುತ್ತೇವೆ. ರೆಕ್ಕೆ ಸಿಕ್ಕಿತಲ್ಲ, ಮೈ ಎಲ್ಲಿ ಹೋಯಿತು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಮಕ್ಕಳೇನಾದರೂ ಕೇಳಿದರೆ, ‘ಸುಮ್ನೆ ತಿನ್ನು, ಕಣ್ಣು ಚುರುಕಾಗುತ್ತೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬೆಲ್ಲದ ಇರುವೆ ನುಂಗಿದವನಿಗೆ ‘ಈಜು ಬರುತ್ತೆ’ ಎನ್ನುವುದೂ ಇದೇ ಮನೆಮದ್ದಿನ ಶಾಸ್ತ್ರ.

ಬಯಲುಸೀಮೆಯ ಕಡೆ ಇದೇ ಹುಳಕ್ಕೆ ದೀಪ ಹಚ್ಚಿ ಆಹ್ವಾನ ಕೊಡುವವರಿದ್ದಾರೆ. ದೀಪದ ಕೆಳಗೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಡುವುದು, ಬಿದ್ದದ್ದನ್ನು ಸೋಸಿ ಬಿಸಿ ಹಂಚಿನ ಮೇಲೆ ಆಡಿಸುವುದು, ಮೊರದಲ್ಲಿ ಕೇರಿ ರೆಕ್ಕೆ ಹಾರಿಸುವುದು, ಉಪ್ಪು ಖಾರ ಹಾಕಿ ಪುರಿ, ಹುರಿಗಡಲೆಯ ಜೊತೆ ಬೆರೆಸಿ ಮೆಲ್ಲುವುದು. ತಿಂದವರು ಹೇಳುವುದು ಒಂದೇ, ಕಡಲೆಕಾಯಿಯ ಜಿಡ್ಡು. ಹೀಗೆ ಒಂದೇ ಮಳೆ, ಒಂದೇ ಹುಳ. ಒಬ್ಬರ ಮನೆಯಲ್ಲಿ ಅದು ತಿಂಡಿ, ಇನ್ನೊಬ್ಬರ ಮನೆಯಲ್ಲಿ ಕತ್ತಲಲ್ಲಿ ನಡೆದುಹೋಗುವ ಸಂಗತಿ.

ಗೆದ್ದಲಿನ ಲೆಕ್ಕ ಇಷ್ಟಕ್ಕೆ ಮುಗಿಯುವುದಿಲ್ಲ. ಮಳೆಗಾಲ ಹಿಡಿದ ಮೇಲೆ ಹುತ್ತದ ಸುತ್ತ ಏಳುವ ಅಣಬೆಗೆ ನಮ್ಮಲ್ಲಿ ಕಾದು ಕೂರುವವರಿದ್ದಾರೆ. ಕೊಡವರ ಬಾಯಲ್ಲಿ ಅದು ಕುಮ್ಮು. ಆ ಅಣಬೆಯ ಬುಡವನ್ನು ಜಾಗ್ರತೆಯಿಂದ ಅಗೆಯುತ್ತ ಹೋದರೆ ದಂಟು ಮಣ್ಣಿನಾಳದ ಗೆದ್ದಲಿನ ಗೂಡಿಗೇ ಇಳಿದಿರುತ್ತದೆ. ಎಲೆ, ಕಟ್ಟಿಗೆ ಅಗಿದು ಹಾಕಿ, ಅದರ ಮೇಲೆ ಶಿಲೀಂಧ್ರ ಬೆಳೆಸಿ ತಿನ್ನುವ ಬೇಸಾಯಗಾರ ಗೆದ್ದಲು. ಮೇಲೆ ತಲೆ ಹಾಕಿದ ಪಾಲು ನಮ್ಮದು. ಮೊಗ್ಗಾಗಿದ್ದಾಗ ಸಿಕ್ಕರೆ ಸರಿ. ಕೊಡೆ ಬಿಚ್ಚಿ ಒಂದು ದಿನ ಕಳೆದರೆ ಅದರ ಮಡಿಕೆಗಳ ನಡುವೆ ದಾರದ ತುಂಡಿನಂಥ ಬಿಳಿ ಹುಳ ಸೇರಿರುತ್ತವೆ. ಅರಿಸಿನ, ಉಪ್ಪು ಹಾಕಿದ ನೀರಲ್ಲಿ ನೆನೆಸಿದರೆ ಒಂದಷ್ಟು ಹೊರಬಂದು ತೇಲುತ್ತವೆ. ಹೊರಬಾರದವು ಮಸಾಲೆಯಲ್ಲಿ ಬೇಯುತ್ತವೆ. ನಮ್ಮ ಮನೆಯಲ್ಲಿ ಇದನ್ನು ಯಾರೂ ಮಾತಾಡುವುದಿಲ್ಲ, ಅಣಬೆ ಸಾರಿನ ಪಾತ್ರೆ ಮಾತ್ರ ಖಾಲಿಯಾಗುತ್ತದೆ.

ಈಗ ಕಾಫಿ. ತಿತಿಮತಿಯ ಸುತ್ತ ಕಾಡು ಬಿಟ್ಟರೆ ರೋಬಸ್ಟಾ ತೋಟ. ಜನವರಿ ಫೆಬ್ರವರಿಯಲ್ಲಿ ಕೊಯ್ದ ಹಣ್ಣನ್ನು ಕಣದಲ್ಲಿ ಹರಡುವಾಗ ಒಂದು ಹಿಡಿ ಎತ್ತಿ ನೋಡಿ. ಕೆಲವು ಹಣ್ಣಿನ ಹೊಕ್ಕುಳ ಇರುವ ತುದಿಯಲ್ಲಿ ಗುಂಡುಸೂಜಿ ಚುಚ್ಚಿದಷ್ಟು ತೂತು ಕಾಣುತ್ತದೆ. ಉಗುರಲ್ಲಿ ಸೀಳಿದರೆ ಒಳಗೆ ಬೀಜ ಪುಡಿಪುಡಿ, ಪುಡಿಯ ನಡುವೆ ಎರಡು ಮಿಲಿಮೀಟರು ಮೀರದ ಕರಿಯ ಜೀರುಂಡೆ, ಅದರ ಸುತ್ತ ಕಾಲಿಲ್ಲದ ಬಿಳಿ ಮರಿಗಳು. ನಾವು ಕರೆಯುವುದು ಬೆರ್ರಿ ಬೋರರ್. ತಾಯಿ ತೂತು ಕೊರೆದು ಒಳಹೊಕ್ಕು ಮೊಟ್ಟೆಯಿಟ್ಟರೆ ಮರಿಗಳು ಅಲ್ಲೇ ತಿಂದು ಅಲ್ಲೇ ಬೆಳೆದು, ಒಡಹುಟ್ಟಿದವರಲ್ಲೇ ಕೂಡಿ, ಬಸುರಾದ ಹೆಣ್ಣು ಮಾತ್ರ ಹೊರಬಿದ್ದು ಮುಂದಿನ ಹಣ್ಣು ಹುಡುಕುತ್ತದೆ. ಹುಟ್ಟು, ಮದುವೆ, ಬಾಣಂತನ, ಸಾವು ಎಲ್ಲ ಒಂದು ಬೀಜದೊಳಗೆ. ಭಾರತದಲ್ಲಿ ಇದು ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಗೂಡಲೂರಿಗೂ ನಮಗೂ ನಡುವೆ ಇರುವುದು ವಯನಾಡು ಮಾತ್ರ, ಕೊಡಗಿಗೆ ಬರಲು ಬಹಳ ಕಾಲ ಬೇಕಾಗಲಿಲ್ಲ. ಅಂದಿನಿಂದ ಗಿಡಗಳ ನಡುವೆ ಬ್ರೋಕಾ ಟ್ರ್ಯಾಪ್ ತೂಗುಹಾಕುವುದು, ನೆಲಕ್ಕೆ ಬಿದ್ದ ಹಣ್ಣನ್ನು ಒಂದೂ ಬಿಡದೆ ಹೆಕ್ಕಿಸುವುದು ತೋಟದ ಕೆಲಸದ ಪಟ್ಟಿಗೆ ಸೇರಿತು.

ಹೆಕ್ಕಿಸಿದ್ದನ್ನು ಏನು ಮಾಡುತ್ತೇವೆ? ಎಸೆಯುವ ಬೆಳೆಗಾರ ಇನ್ನೂ ಹುಟ್ಟಿಲ್ಲ. ಬಿಸಿನೀರಲ್ಲಿ ಅದ್ದಿ ಹುಳ ಸಾಯಿಸಿ, ಒಣಗಿಸಿ ಚೀಲ ಕಟ್ಟುತ್ತೇವೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ಬಿಡಿಸಿ ಜರಡಿ ಹಿಡಿದಾಗ ದುಂಡಗಿನ, ತೂತಿಲ್ಲದ, ಬಣ್ಣ ಕೆಡದ ಬೀಜ ಒಂದು ಕಡೆ ಹೋಗುತ್ತದೆ, ಒಡೆದದ್ದು, ಕಪ್ಪಾದದ್ದು, ಕೊರೆದದ್ದು ಬಿಟ್ಸ್ ಎಂದೋ ಟ್ರಿಪಲ್ ಬಿ ಎಂದೋ ಹೆಸರು ಪಡೆದು ಇನ್ನೊಂದು ಕಡೆ. ಮೊದಲನೆಯದರಲ್ಲಿ ಬಹುಪಾಲು ಹಡಗು ಹತ್ತುತ್ತದೆ. ಎರಡನೆಯದು ಇಲ್ಲೇ ಉಳಿದು, ಹುರಿದು, ಚಿಕೋರಿ ಬೆರೆಸಿದ ಪುಡಿಯಾಗಿ ನಮ್ಮ ಫಿಲ್ಟರಿಗೆ ಬರುವುದೇ ಹೆಚ್ಚು. ಹಡಗು ಹತ್ತಿದ್ದು ಪೂರಾ ಶುದ್ಧ ಎಂದೂ ತಿಳಿಯಬೇಕಿಲ್ಲ. ಅಮೆರಿಕದ ಆಹಾರ ಇಲಾಖೆಯ ಕೈಪಿಡಿ, ಹಸಿ ಕಾಫಿ ಬೀಜದಲ್ಲಿ ಎಣಿಕೆಗೆ ಸರಾಸರಿ ಶೇಕಡಾ 10 ಹುಳ ಹೊಕ್ಕದ್ದು ಅಥವಾ ಹುಳ ಕೆಡಿಸಿದ್ದು ಕಂಡರೆ ಕ್ರಮ ಎನ್ನುತ್ತದೆ. ಅದಕ್ಕಿಂತ ಕಡಿಮೆಯಾದರೆ ಗಲಾಟೆ ಇಲ್ಲದೆ ಕುಡಿಯಬಹುದು ಎಂದರ್ಥ.

ಪಕ್ಕದ ತೋಟದ ರಾಯರಿಗೆ ಈ ವಿಷಯ ಹೇಳಿದ್ದೆ. ಮೈಸೂರಿನಿಂದ ಬಂದು ತೋಟ ಕೊಂಡವರು, ಪಕ್ಕಾ ಸಸ್ಯಾಹಾರಿ, ಬೆಳಗಿನಿಂದ ಸಂಜೆಯವರೆಗೆ ಕಾಫಿಯ ಮೇಲೇ ನಡೆಯುವ ಮನುಷ್ಯ. ಲೋಟ ಕೆಳಗಿಡುತ್ತಾರೇನೋ ಅಂದುಕೊಂಡೆ. ಇಡಲಿಲ್ಲ. ‘ಬೆಂಕಿಗೆ ಬಿದ್ದದ್ದೆಲ್ಲ ಶುದ್ಧ ಕಣಯ್ಯಾ. ಅಗ್ನಿಗಿಂತ ದೊಡ್ಡ ಪುರೋಹಿತ ಯಾರಿದ್ದಾನೆ?’ ಎಂದು ಡಬರಿಯಿಂದ ಇನ್ನೊಂದಿಷ್ಟು ಸುರಿದುಕೊಂಡರು. ರಾಯರ ತರ್ಕ ನನಗೆ ಇಷ್ಟ. ಅದರಲ್ಲಿ ಎಲ್ಲರಿಗೂ ಜಾಗ ಇದೆ, ಹುಳಕ್ಕೂ.

ರಾಯರ ಮನೆಯ ಅಮ್ಮಾವ್ರು ಮಾತ್ರ ಹಾಗಲ್ಲ. ಅಕ್ಕಿ, ರವೆ, ಬೇಳೆ ಯಾವುದೂ ಮೊರಕ್ಕೆ ಹೋಗದೆ ಒಲೆಗೆ ಹೋಗುವುದಿಲ್ಲ. ಬಿಸಿಲಿಗೆ ಹಾಕಿದ ಅಕ್ಕಿಯಿಂದ ಮೂತಿಹುಳ ಸಾಲುಹಿಡಿದು ಹೊರಡುವುದನ್ನು ಕನ್ನಡಕ ಸರಿಮಾಡಿಕೊಂಡು ಕಾಯುತ್ತಾರೆ. ಆದರೆ ಮೊರಕ್ಕೆ ಸಿಕ್ಕುವುದು ಬೆಳೆದ ಹುಳ. ಆ ಹೆಣ್ಣು ಹುಳ ಅಕ್ಕಿಕಾಳಿಗೆ ಸಣ್ಣ ಗುಂಡಿ ತೋಡಿ, ಒಳಗೊಂದು ಮೊಟ್ಟೆಯಿಟ್ಟು, ಅಂಟಿನಿಂದ ಬಾಯಿ ಮುಚ್ಚಿ ಹೋಗುತ್ತದೆ. ಮರಿ ಕಾಳಿನೊಳಗೇ ಇದ್ದು ಕಾಳನ್ನು ತಿನ್ನುತ್ತದೆ. ಹೊರಗಿಂದ ನೋಡಿದರೆ ಇಡೀ ಕಾಳು, ತೂಕದಲ್ಲಿ ಕೊಂಚ ಹಗುರ. ಅದನ್ನು ಬೇಯಿಸಿ ಬಡಿಸಿದರೆ ಅನ್ನ. ಸರ್ಕಾರಕ್ಕೆ ಇದು ಗೊತ್ತು. ಧಾನ್ಯದಲ್ಲಿ ಹುಳ ಎಷ್ಟು ಕಾಲ ಸಂಸಾರ ಮಾಡಿದೆ ಎಂದು ತಿಳಿಯಲು ನಮ್ಮ ಆಹಾರ ಸುರಕ್ಷತೆಯ ನಿಯಮ ಯೂರಿಕ್ ಆಮ್ಲ ಅಳೆಯುತ್ತದೆ, ಅಂದರೆ ಹುಳ ಮಾಡಿದ ಮೂತ್ರ. ಕಿಲೋಗೆ 100 ಮಿಲಿಗ್ರಾಂ ದಾಟಬಾರದು. ಅಷ್ಟರೊಳಗಿದ್ದರೆ ಅಕ್ಕಿ ಅಕ್ಕಿಯೇ.

ಈ ವಿಚಾರದಲ್ಲಿ ಅಮೆರಿಕದವರ ಎಣಿಕೆ ಇನ್ನೂ ಹರಿತ. 50 ಗ್ರಾಂ ಗೋಧಿ ಹಿಟ್ಟಿನಲ್ಲಿ ಹುಳದ ಚೂರು ಸರಾಸರಿ 75 ಮುಟ್ಟಿದರೆ ಕ್ರಮ. 100 ಗ್ರಾಂ ಚಾಕೊಲೇಟಿಗೆ 60, ಅಷ್ಟೇ ತೂಕದ ಕಡಲೆಕಾಯಿ ಬೆಣ್ಣೆಗೆ 30. ಕೊಡಗಿನವರಿಗೆ ಹತ್ತಿರದ್ದು ಬೇಕೆಂದರೆ ಕರಿಮೆಣಸಿನ ಪುಡಿ, 50 ಗ್ರಾಮಿಗೆ 475. ನಾನೂರ ಎಪ್ಪತ್ನಾಲ್ಕಾದರೆ? ಪಂದಿಕರಿಗೂ ಸರಿ, ಪೊಂಗಲ್ಲಿಗೂ ಸರಿ. ಬಿಯರಿಗೆ ಹಾಕುವ ಹಾಪ್ಸ್ ಹೂವಿಗೆ ಬಂದರೆ 10 ಗ್ರಾಮಿನಲ್ಲಿ ಸರಾಸರಿ 2,500 ಸಸ್ಯಹೇನಿನ ತನಕ ದೊಡ್ಡ ಮನಸ್ಸು ಮಾಡಿದ್ದಾರೆ. ಈ ಅಂಕಿಗಳನ್ನು ಓದಿ ಗಾಬರಿಯಾಗುವವರಿದ್ದಾರೆ. ನನಗೆ ಅದು ಪ್ರಾಮಾಣಿಕ ಕೈಪಿಡಿ ಅನ್ನಿಸಿತು. ಹೊಲದಿಂದ ಬಂದದ್ದರಲ್ಲಿ ಹೊಲದವರು ಇದ್ದೇ ಇರುತ್ತಾರೆ, ಎಷ್ಟು ಎಂಬುದಷ್ಟೇ ಪ್ರಶ್ನೆ ಎಂದು ಅಚ್ಚುಹಾಕಿ ಹೇಳುವ ಸರ್ಕಾರಗಳು ಕಡಿಮೆ.

ರಾಯರ ತೋಟದ ಬೇಲಿಯ ಹತ್ತಿರ ದೊಡ್ಡ ಅತ್ತಿಮರ ಇದೆ. ದತ್ತಾತ್ರೇಯನ ಮರವೆಂದು ಬುಡಕ್ಕೆ ದೀಪ ಇಡುತ್ತಾರೆ. ಬಿದ್ದ ಹಣ್ಣಿಗೆ ಮಂಗ, ಹಂದಿ, ಕಾಡಿನಿಂದ ಬರುವ ಕೆಂಜಳಿಲು ಎಲ್ಲ ಹಕ್ಕುದಾರರು. ಅತ್ತಿಹಣ್ಣು ಬಿಚ್ಚಿದರೆ ಹುಳವೆಲ್ಲ ಎಂಬ ಗಾದೆಯನ್ನು ನಾವು ಮನುಷ್ಯರ ಮೇಲೆ ಪ್ರಯೋಗಿಸುವುದೇ ಹೆಚ್ಚು, ಹಣ್ಣಿನ ಪಾಡು ಅದಕ್ಕಿಂತ ಸ್ವಾರಸ್ಯವಾಗಿದೆ. ಅತ್ತಿಯ ಹೂ ಇರುವುದು ಕಾಯಿಯ ಒಳಗೆ. ಅಲ್ಲಿಗೆ ಹೋಗಲು ತುದಿಯಲ್ಲಿ ಒಂದೇ ಇಕ್ಕಟ್ಟಿನ ಬಾಗಿಲು. ಪುಟ್ಟ ಹೆಣ್ಣು ಕಣಜವೊಂದು ಅದರಲ್ಲಿ ನುಸುಳುವಾಗ ರೆಕ್ಕೆ ಕಳಚಿ ಹೋಗುತ್ತದೆ, ಅದು ಮತ್ತೆ ಹೊರಗೆ ಬರುವುದಿಲ್ಲ. ತಂದ ಪರಾಗ ಹಚ್ಚಿ, ಮೊಟ್ಟೆಯಿಟ್ಟು ಒಳಗೇ ಸಾಯುತ್ತದೆ. ಆ ಕಣಜ ಬಾರದೆ ಅತ್ತಿಯಲ್ಲಿ ಬೀಜ ಕಟ್ಟುವುದಿಲ್ಲ. ತುರ್ಕಿಯಿಂದ ಬರುವ ಒಣ ಅಂಜೂರದ ಸ್ಮಿರ್ನಾ ತಳಿಗೂ ಇಂಥದೇ ಕಣಜ ಬೇಕು. ಒಳಗೆ ಸತ್ತದ್ದನ್ನು ಹಣ್ಣಿನ ರಸವೇ ಕರಗಿಸಿಕೊಳ್ಳುತ್ತದೆ. ಮದುವೆ ಮನೆಯ ಡ್ರೈಫ್ರೂಟ್ಸ್ ತಟ್ಟೆಯಲ್ಲಿ ಕೂತ ಅಂಜೂರದ ಪೂರ್ವಾಶ್ರಮ ಇದು.

ಹುಳದ ವಿಷಯವನ್ನು ಕಣ್ಣುಮುಚ್ಚದೆ ಯೋಚಿಸಿದವರು ನಮ್ಮಲ್ಲಿ ಜೈನರು ಮಾತ್ರ ಎಂದು ನನ್ನ ಅಭಿಪ್ರಾಯ. ಶ್ರಾವಕನ ಎಂಟು ಮೂಲಗುಣಗಳೆಂದರೆ ಮದ್ಯ, ಮಾಂಸ, ಮಧು ಮೂರನ್ನೂ ಬಿಡುವುದು, ಜೊತೆಗೆ ಅತ್ತಿ, ಆಲ, ಅರಳಿಯಂಥ ಐದು ಉದುಂಬರ ಫಲಗಳನ್ನು ಬಿಡುವುದು. ಮಾಂಸದ ಪಕ್ಕದಲ್ಲೇ ಜೇನುತುಪ್ಪವನ್ನೂ ಅತ್ತಿಹಣ್ಣನ್ನೂ ಕೂರಿಸಬೇಕಾದರೆ ಯಾರೋ ಹಣ್ಣು ಬಿಚ್ಚಿ ನೋಡಿರಲೇಬೇಕು. ನೀರನ್ನು ಸೋಸಿ ಕುಡಿ, ಹೊತ್ತು ಮುಳುಗುವ ಮೊದಲು ಉಣ್ಣು ಎಂಬ ನಿಯಮಗಳೂ ಅದೇ ಕಣ್ಣಿನವು. ದೀಪಕ್ಕೆ ಬಂದ ಹುಳ ಅನ್ನಕ್ಕೆ ಬಿದ್ದೀತು ಎಂಬ ಭಯಕ್ಕೆ ಅವರು ಊಟದ ಹೊತ್ತನ್ನೇ ಹಿಂದಕ್ಕೆ ತಂದರು, ನಾವು ದೀಪ ಆರಿಸಿದೆವು. ನಮ್ಮ ಜಿಲ್ಲೆಯ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ ಬಸದಿಗಳು ಇವತ್ತಿಗೂ ನಿಂತಿವೆ. ಹನ್ನೊಂದನೆಯ ಶತಮಾನದಲ್ಲಿ ಇದೇ ಮಳೆಯಲ್ಲಿ, ಇದೇ ಹುಳಗಳ ನಡುವೆ ಆ ಶ್ರಾವಕರು ಸಂಜೆಗೆ ಮುಂಚೆ ಉಂಡೇಳುತ್ತಿದ್ದರೆಂದು ನೆನೆದರೆ ಗೌರವ ಹುಟ್ಟುತ್ತದೆ. ಅನುಸರಿಸುವ ಧೈರ್ಯ ಹುಟ್ಟುವುದಿಲ್ಲ, ಅದು ಬೇರೆ ಮಾತು.

ಉಳಿದವರ ಶುದ್ಧಿಯ ಕಥೆ ಗೊತ್ತಲ್ಲ. ಗೂಡು ಬಿಸಿನೀರಲ್ಲಿ ಕುದಿಸಿ ತೆಗೆದ ರೇಷ್ಮೆ ಮಡಿಗೆ ಶ್ರೇಷ್ಠ. ಹುಳ ನುಂಗಿ, ಕಕ್ಕಿ, ಆರಿಸಿ ಮಾಡಿದ ಜೇನುತುಪ್ಪ ಇಲ್ಲದೆ ಪಂಚಾಮೃತ ಆಗುವುದಿಲ್ಲ. ಅರಗಿನ ಹುಳ ತನ್ನ ಮೈಮೇಲೆ ಸುರಿಸಿಕೊಂಡ ಅಂಟು ಚನ್ನಪಟ್ಟಣದ ಬೊಂಬೆಗೆ ಹೊಳಪಾಗಿ ಮಗುವಿನ ಬಾಯಿಗೆ ಹೋಗುತ್ತದೆ. ದುರ್ಯೋಧನ ಅದರಲ್ಲಿ ಮನೆ ಕಟ್ಟಿಸಿದ, ಇಂದಿನ ಕಂಪನಿಗಳು ಸೋಸಿ ಬಿಳಿಮಾಡಿ ಮಿಠಾಯಿಗೂ ಮಾತ್ರೆಗೂ ಸೇಬಿಗೂ ಬಳಿಯುತ್ತವೆ. ಪೊಟ್ಟಣದ ಮೇಲೆ 904 ಎಂಬ ಸಂಖ್ಯೆ ಕಂಡರೆ ಅದೇ. 120 ಎಂದಿದ್ದರೆ ಪಾಪಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಹುಳ ಅರೆದು ತೆಗೆದ ಕೆಂಪು. ಈ ಬಣ್ಣದ ಆಸೆಗೆ 1795ರಲ್ಲಿ ಬ್ರೆಜಿಲಿನಿಂದ ಕಲ್ಕತ್ತೆಗೆ ಹುಳ ತಂದಿದ್ದರು. ತಂದದ್ದು ಬೇರೆ ಜಾತಿಯದು, ಒಳ್ಳೆಯ ಬಣ್ಣ ಕೊಡದೆ ಕಳ್ಳಿಯನ್ನು ತಿಂದು ಮುಗಿಸಿತು. 2012ರಲ್ಲಿ ಸ್ಟಾರ್‌ಬಕ್ಸ್ ತನ್ನ ಸ್ಟ್ರಾಬೆರಿ ಪಾನೀಯದಲ್ಲಿ ಈ ಕೆಂಪು ಬಳಸುತ್ತಿದೆ ಎಂದು ಗೊತ್ತಾದಾಗ ಸಸ್ಯಾಹಾರಿಗಳು ಎದ್ದು ನಿಂತರು, ಕಂಪನಿ ಟೊಮೆಟೊದಿಂದ ಬರುವ ಬಣ್ಣಕ್ಕೆ ಬದಲಾಯಿಸಿತು. ನಮ್ಮ ಕಾನೂನು ಇಂಥ ಜಗಳಕ್ಕೆ ಮೊದಲೇ ಬಾಗಿಲು ಹಾಕಿಟ್ಟಿದೆ. ಪ್ರಾಣಿಯಿಂದ ಬಂದದ್ದೆಲ್ಲ ಮಾಂಸಾಹಾರ, ಹಾಲು, ಜೇನು, ಜೇನುಮೇಣ, ಅರಗು ಬಿಟ್ಟು ಎನ್ನುತ್ತದೆ ವ್ಯಾಖ್ಯೆ. ಹಾಗಾಗಿ ಜೇನಿನ ಬಾಟಲಿಗೆ ಹಸಿರು ಚುಕ್ಕೆ.

ಆ ಬಾಟಲಿಗೆ ಬರುವ ಮೊದಲು ನಮ್ಮಲ್ಲಿ ಜೇನು ಹೇಗೆ ಬರುತ್ತಿತ್ತು ಎಂಬುದನ್ನೂ ಹೇಳಬೇಕು. ತಿತಿಮತಿಯಿಂದ ಮತ್ತಿಗೋಡು, ಆನೆಚೌಕೂರಿನ ಕಡೆಗೆ ಕಾಡಿನಂಚಲ್ಲಿ ಜೇನುಕುರುಬರ ಹಾಡಿಗಳು. ಕಾಡಿನ ಎತ್ತರದ ಮರದಿಂದ ಹೆಜ್ಜೇನು, ಪೊಟರೆಯಿಂದ ತುಡುವೆ ಇಳಿಸಿದವರು ಎರಿಯನ್ನು ಕೈಯಲ್ಲೇ ಹಿಂಡಿ ಬಟ್ಟೆಯಲ್ಲಿ ಸೋಸುತ್ತಿದ್ದರು. ತುಪ್ಪದ ಎರಿಯ ಪಕ್ಕದಲ್ಲೇ ಮರಿಯ ಎರಿ. ಎಷ್ಟು ಬಿಡಿಸಿದರೂ ಹಿಂಡುವ ಕೈಗೆ ಒಂದಷ್ಟು ಮರಿಹುಳದ ಹಾಲೂ ಸಿಕ್ಕಿ ತುಪ್ಪ ಸೇರುತ್ತಿತ್ತು. ಅದನ್ನು ‘ಕಾಡುಜೇನು, ಒರಿಜಿನಲ್’ ಎಂದು ಹೊಗಳಿ ಮೈಸೂರಿನವರು, ಬೆಂಗಳೂರಿನವರು ಕೊಂಡುಹೋಗುತ್ತಿದ್ದರು. ಮರಿಯ ಎರಿ ಹಾಡಿಯಲ್ಲೇ ಉಳಿಯುತ್ತಿತ್ತು. ಮಕ್ಕಳಿಗೆ ಅದರ ಬಿಳಿ ಮರಿಗಳೆಂದರೆ ಪ್ರಾಣ. ಹಸಿಯಾಗಿ ತಿನ್ನುವವರಿದ್ದರು, ಎಲೆಯಲ್ಲಿ ಸುತ್ತಿ ಕೆಂಡದ ಮೇಲಿಟ್ಟು ತಿನ್ನುವವರಿದ್ದರು. ಹಾಲು, ಬಾದಾಮಿ ಅರೆದಂಥ ರುಚಿ. ತೊಂಬತ್ತರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ಕಾಯಿಲೆ ಬಂದು ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಬರಿದಾದವು. ಸಾಯುತ್ತಿದ್ದುದು ಮರಿಗಳೇ. ಕೊಡಗಿನ ಜೇನಿನ ಹಳೆಯ ವೈಭವ ಆ ಏಟಿನಿಂದ ಪೂರ್ತಿ ಚೇತರಿಸಿಕೊಳ್ಳಲಿಲ್ಲ.

ಚಗಳಿಯ ಮಾತಿಗೆ ಬರುತ್ತೇನೆ. ಮರದ ಎಲೆಗಳನ್ನು ಎಳೆದು, ತನ್ನ ಮರಿಗಳ ಬಾಯಿಂದ ಬರುವ ರೇಷ್ಮೆಯಲ್ಲಿ ಹೊಲಿದು ಗೂಡು ಮಾಡುವ ಕೆಂಪಿರುವೆ ಇದು. ಕಾಫಿ ಕೊಯ್ಯುವವರಿಗೆ ಶತ್ರು. ಕೊಂಬೆ ಬಗ್ಗಿಸಿದರೆ ಸಾಕು, ತಲೆ, ಕುತ್ತಿಗೆ, ಕುಪ್ಪಸದೊಳಗೆ ಇಳಿದು ಕಚ್ಚಿ, ಕಚ್ಚಿದಲ್ಲಿಗೇ ಹುಳಿ ಸುರಿಸುತ್ತದೆ. ನಮ್ಮ ತೋಟಕ್ಕೆ ಕೊಯ್ಲಿಗೆ ಬರುವ ಹಾಡಿಯ ಅಜ್ಜಿಯೊಬ್ಬರು ಗೂಡು ಕಂಡರೆ ಹೆದರುವುದಿಲ್ಲ, ಗುರುತು ಇಟ್ಟುಕೊಳ್ಳುತ್ತಾರೆ. ಕೆಲಸ ಬಿಟ್ಟ ಮೇಲೆ ಉದ್ದ ಕೋಲಿನ ತುದಿಯ ಕತ್ತಿಯಿಂದ ಗೂಡನ್ನು ಕೊಂಬೆ ಸಮೇತ ಇಳಿಸಿ, ಕೆಳಗೆ ಹಿಡಿದ ಚೀಲಕ್ಕೆ ಬೀಳಿಸಿ, ಬಾಯಿ ಬಿಗಿದು ಬೆಂಕಿಯ ಹತ್ತಿರ ಹಿಡಿದರೆ ಒಳಗಿನ ಸದ್ದು ಅಡಗುತ್ತದೆ. ಎಲೆ ಆರಿಸಿ ಎಸೆಯುತ್ತಾರೆ. ಉಳಿದದ್ದು ಕೆಂಪು ಇರುವೆ, ಅನ್ನದಗುಳಿಗಿಂತ ಸಣ್ಣ ಬಿಳಿಯ ಮೊಟ್ಟೆ-ಮರಿ. ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಹುರಿದಾಗ ಏಳುವ ಘಾಟು ಮೂಗಿಗೆ ನಿಂಬೆಹುಳಿ ಹಿಂಡಿದಂತೆ. ಸೂಜಿಮೆಣಸು, ಬೆಳ್ಳುಳ್ಳಿ, ಉಪ್ಪು, ಒಂದು ಹಿಡಿ ಕಾಯಿತುರಿ ಸೇರಿಸಿ ಕಲ್ಲಲ್ಲಿ ಅರೆದರೆ ಚಟ್ನಿ. ಹುಣಿಸೆಹಣ್ಣು ಬೇಕಿಲ್ಲ, ಹುಳಿಯನ್ನು ಇರುವೆಯೇ ತಂದಿರುತ್ತದೆ. ಅಕ್ಕಿರೊಟ್ಟಿಗೆ ಹಚ್ಚಿಕೊಂಡು ತಿಂದರೆ ಮೊದಲು ಹುಳಿ, ಆಮೇಲೆ ಖಾರ, ಕೊನೆಗೆ ಹುರಿದ ಎಳ್ಳಿನ ಹಾಗೊಂದು ಕಮ್ಮನೆ ರುಚಿ. ನೆಗಡಿ ಕೆಮ್ಮಿಗೆ ಒಳ್ಳೆಯದೆಂದು ಮಲೆನಾಡಿನ ಉದ್ದಕ್ಕೂ ಹೇಳುತ್ತಾರೆ. ಉತ್ತರ ಕನ್ನಡದ ಸಿದ್ದಿಗಳೂ ಇದನ್ನು ಮಾಡುತ್ತಾರೆ.

ನಾನು ತಿನ್ನುವುದನ್ನು ಕಂಡು ನಮ್ಮ ಮನೆಗೆ ಬಂದಿದ್ದ ನೆಂಟರೊಬ್ಬರು ‘ಛೀ, ಇರುವೇನಾ?’ ಎಂದು ಎದ್ದುಹೋದರು. ಅವರು ಮಧ್ಯಾಹ್ನ ನಮ್ಮ ಮನೆಯ ಏಡಿಸಾರನ್ನು ಬೆರಳು ಚೀಪಿ ಉಂಡವರು. ಅಜ್ಜಿ ಅವರು ಹೋದ ದಿಕ್ಕು ನೋಡಿ, ‘ಅವ್ರು ಏಡಿ ತಿಂತಾರಲ್ಲ ಅಣ್ಣ, ಏಡಿಗೆ ಕಾಲು ಜಾಸ್ತಿ ಅಲ್ವಾ?’ ಅಂದರು. ಲೆಕ್ಕ ಸರಿಯಾಗಿದೆ. ಇರುವೆಗೆ ಆರು, ಏಡಿಗೆ ಹತ್ತು. ಜೀವಶಾಸ್ತ್ರದ ಮೇಷ್ಟರನ್ನು ಕೇಳಿದರೂ ಎರಡೂ ಸಂಧಿಪದಿಗಳು, ದೂರದ ದಾಯಾದಿಗಳು ಎನ್ನುತ್ತಾರೆ. ಸಿಗಡಿಗೆ ಕಿಲೋ ಲೆಕ್ಕದಲ್ಲಿ ದುಡ್ಡು ಎಣಿಸುವವರು ಮಿಡತೆ ಕಂಡರೆ ಓಕರಿಸುವುದು ನಾಲಿಗೆಯ ತೀರ್ಮಾನವೆಂದು ನನಗೆ ತೋರುವುದಿಲ್ಲ. ಯಾರು ತಿನ್ನುತ್ತಾರೆ ಎಂಬುದನ್ನು ನೋಡಿ ನಾವು ಹೇಸುತ್ತೇವೆ. ಹಾಡಿಯವರು ತಿಂದರೆ ‘ಇರುವೆ ತಿನ್ನೋರು’ ಎಂಬ ಬೈಗುಳ. ಅದಕ್ಕೆ ಬಡ್ಡಿ ಸಮೇತ ಉತ್ತರ ಕೊಡಲು ಅವರಿಗೂ ವರ್ಷಕ್ಕೊಮ್ಮೆ ಅವಕಾಶ ಇದೆ. ಮೇ ತಿಂಗಳಲ್ಲಿ ಇಲ್ಲೇ ಪಕ್ಕದ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬದ ದಿನ ಡಬ್ಬ ಬಡಿಯುತ್ತ, ವೇಷ ಹಾಕಿ ಬಂದು, ದೇವರಿಂದ ಹಿಡಿದು ಸಾಹುಕಾರರ ತನಕ ಯಾರನ್ನೂ ಬಿಡದೆ ಬೈಯುತ್ತಾರೆ. ಬೈಸಿಕೊಂಡವರು ದುಡ್ಡು ಕೊಟ್ಟು ಕಳಿಸಬೇಕು. ಮುನ್ನೂರ ಅರವತ್ತನಾಲ್ಕು ದಿನದ ಬಾಕಿ ಒಂದು ದಿನದಲ್ಲಿ ತೀರುತ್ತದೆಯೇ ಎಂಬುದು ಅನುಮಾನ.

ದೊಡ್ಡವರು ಬಾಯಿ ಹಾಕಿದಾಗ ಅದೇ ಹುಳದ ಅಂತಸ್ತು ಏರುವುದನ್ನೂ ನೋಡುತ್ತಿದ್ದೇವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ವರದಿ ಮಾಡಿ ಜಗತ್ತಿನಲ್ಲಿ 1,900ಕ್ಕೂ ಹೆಚ್ಚು ಜಾತಿಯ ಕೀಟಗಳನ್ನು ತಿನ್ನುತ್ತಾರೆ, ಸುಮಾರು 200 ಕೋಟಿ ಜನರ ಊಟದಲ್ಲಿ ಅವಿವೆ ಎಂದಿತು. ಮೆಕ್ಸಿಕೊದಲ್ಲಿ ಮಿಡತೆ, ಆಫ್ರಿಕಾದ ದಕ್ಷಿಣದಲ್ಲಿ ಮೊಪಾನೆ ಮರದ ಕಂಬಳಿಹುಳ, ಜಪಾನಿನ ನಾಗಾನೊದಲ್ಲಿ ಕಣಜದ ಮರಿ, ಕೊರಿಯಾದಲ್ಲಿ ರೇಷ್ಮೆಯ ಕೋಶ. ನಮ್ಮ ರಾಮನಗರದಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯುವ ಇಂಥದೇ ಕೋಶದ ವಾಸನೆಗೆ ದಾರಿಹೋಕರು ಮೂಗು ಮುಚ್ಚಿಕೊಳ್ಳುತ್ತಾರೆ. ಐರೋಪ್ಯ ಒಕ್ಕೂಟ 2021ರಲ್ಲಿ ಒಣಗಿಸಿದ ಹಿಟ್ಟಿನ ಹುಳಕ್ಕೆ ಆಹಾರವೆಂದು ಒಪ್ಪಿಗೆ ಕೊಟ್ಟಿತು, 2024ರಲ್ಲಿ ಸಿಂಗಪುರ ಹದಿನಾರು ಕೀಟಗಳಿಗೆ. ಅದೇ 2024ರ ಜನವರಿಯಲ್ಲಿ ಒಡಿಶಾದ ಮಯೂರ್‌ಭಂಜಿನ ಕೆಂಪಿರುವೆ ಚಟ್ನಿಗೆ, ಅಂದರೆ ನಮ್ಮ ಚಗಳಿಯದೇ ಚಟ್ನಿಗೆ, ಜಿ.ಐ. ಮಾನ್ಯತೆ ಸಿಕ್ಕಿತು. ಪ್ರೋಟೀನು, ಪರಿಸರ, ಭವಿಷ್ಯದ ಆಹಾರ ಎಂದೆಲ್ಲ ಈಗ ಸಭೆಗಳಲ್ಲಿ ಮಾತಾಡುತ್ತಾರೆ. ಅಜ್ಜಿಗೆ ಹೇಳಿದೆ. ‘ಅಲ್ಲಿಯವ್ರಿಗೂ ರೊಟ್ಟಿ ಇದೆಯಾ?’ ಎಂದು ಕೇಳಿದರು.

ಹುಳವೇ ಇಲ್ಲದ ಊಟ ಬೇಕೆಂದರೆ ಅದಕ್ಕೂ ದಾರಿ ಇದೆ, ಅದನ್ನು ಕಾಸರಗೋಡಿನ ಕನ್ನಡಿಗರನ್ನು ಕೇಳಬೇಕು. ಗೇರುತೋಟದ ಚಹಾಸೊಳ್ಳೆ ಎಂಬ ತಿಗಣೆಯನ್ನು ಕೊಲ್ಲಲು ಅಲ್ಲಿ 2000ನೇ ಇಸವಿಯವರೆಗೆ ವರ್ಷವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಪಡ್ರೆ, ಸ್ವರ್ಗದಂಥ ಊರುಗಳಲ್ಲಿ ಮೊದಲು ಜೇನು ಸತ್ತಿತು, ದನದ ಕರುಗಳು ವಿಕಾರವಾಗಿ ಹುಟ್ಟಿದವು, ಆಮೇಲೆ ಮನುಷ್ಯರ ಮಕ್ಕಳು. ಆ ಊರಿನವರೇ ಆದ ಕೃಷಿ ಪತ್ರಕರ್ತ ಶ್ರೀಪಡ್ರೆ ಅದನ್ನು ಬರೆದು ಹೊರಜಗತ್ತಿಗೆ ತಿಳಿಸಿದವರಲ್ಲಿ ಮೊದಲಿಗರು. ಸುಪ್ರೀಂ ಕೋರ್ಟು ದೇಶಾದ್ಯಂತ ಅದನ್ನು ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ಭಾನುವಾರದ ಗೋಣಿಕೊಪ್ಪ ಸಂತೆಯಲ್ಲಿ ಹುಳ ಕೊರೆದ ಬದನೆಯನ್ನು ಪಕ್ಕಕ್ಕೆ ಸರಿಸಿ ಮಿರಮಿರ ಮಿಂಚುವುದನ್ನೇ ಆರಿಸುವಾಗ ನನ್ನ ಕೈ ಒಂದು ಕ್ಷಣ ತಡೆಯುತ್ತದೆ. ಹುಳ ಬೇಡವೆಂದು ಬಿಟ್ಟದ್ದನ್ನು ದುಡ್ಡು ಕೊಟ್ಟು ತರುತ್ತಿದ್ದೇನೆ. ಈಗೀಗ ಒಂದೆರಡು ತೂತಿನ ಬದನೆಯನ್ನೂ ಚೀಲಕ್ಕೆ ಹಾಕುತ್ತೇನೆ, ಮನೆಯಲ್ಲಿ ಹೆಚ್ಚುವವರು ಬೈದರೂ.

ಕೊಡಗಿನ ಕಿತ್ತಳೆ, ಹಸಿರು ಏಲಕ್ಕಿ, ಅರೇಬಿಕಾ ಕಾಫಿ ಮೂರೂ ಜಿ.ಐ. ಪಟ್ಟಿಯಲ್ಲಿವೆ, ಹಾಡಿಯ ಚಗಳಿ ಚಟ್ನಿ ಇಲ್ಲ. ಸೇರಿಸಿ ಎಂದು ನಾನೇನೂ ಕೇಳುವವನಲ್ಲ. ಸೇರಿದ ಮರುದಿನವೇ ಹೋಂಸ್ಟೇಯವರು ಪಿಂಗಾಣಿ ಬಟ್ಟಲಲ್ಲಿಟ್ಟು ಇನ್ನೂರು ರೂಪಾಯಿ ಹೇಳುತ್ತಾರೆ, ಗೂಡು ಹಾಡಿಯವರ ಕೈಗೇ ಸಿಗದೆ ಹೋಗುತ್ತದೆ. ನೀವು ಈ ದಾರಿಯಲ್ಲಿ ಬಂದಾಗ ಯಾರಾದರೂ ಕರೆದು ರೊಟ್ಟಿಯ ಜೊತೆ ಕೊಟ್ಟರೆ ತಿನ್ನಿ, ಬೇಡವಾದರೆ ಬೇಡ ಎನ್ನಿ. ಮುಖ ಮಾತ್ರ ಕಿವಿಚಬೇಡಿ. ಅಷ್ಟು ಹೊತ್ತಿಗೆ ಹುಣಸೂರಿನಲ್ಲಿ ಗಾಡಿ ನಿಲ್ಲಿಸಿ ಒಂದು ಲೋಟ ಕಾಫಿ ಕುಡಿದೇ ಬಂದಿರುತ್ತೀರಿ.